ಹಗೆಯ ಕಥೆಯನ್ನು ಹೇಳಿದವರಾರು?

ಒಂದೇ ಮನೆತನದ ಜಗಳವನ್ನು ಇಬ್ಬರು ಮಹಾಕವಿಗಳು ಹೇಳಿದಾಗ ಏನಾಗುತ್ತದೆಂಬುದನ್ನು ಕನ್ನಡದ ವಿದ್ಯಾರ್ಥಿಗಳು ಚೆನ್ನಾಗಿ ಬಲ್ಲರು. ಪಂಪನು ತನ್ನ ಭಾರತದಲ್ಲಿ ಅರ್ಜುನನನ್ನು ನಾಯಕನನ್ನಾಗಿ ಮಾಡಿ, ಅವನಲ್ಲಿ ತನ್ನ ದೊರೆಯಾದ ಅರಿಕೇಸರಿಯನ್ನು ಕಂಡನು. ರನ್ನನು ಗದಾಯುದ್ಧದಲ್ಲಿ ಭೀಮನನ್ನು ನಾಯಕನನ್ನಾಗಿಸಿ, ಅವನಲ್ಲಿ ತನ್ನ ಆಶ್ರಯದಾತನಾದ ಸತ್ಯಾಶ್ರಯನನ್ನು ಕಂಡನು. ಆದರೂ ಆ ಕಾವ್ಯವನ್ನು ಓದಿದವರ ಮನಸ್ಸು ದುರ್ಯೋಧನನಿಗಾಗಿ ಕರಗದೆ ಇರುವುದಿಲ್ಲ. ದಾಯಾದಿ ಕಲಹ ಅದೇ, ಸತ್ತವರೂ ಅವರೇ. ಹೇಳುವವನು ನಿಂತ ಜಾಗ ಬೇರೆಯಾದೊಡನೆ ಕಥೆಯ ಬೆಳಕೇ ಬೇರೆಯಾಗುತ್ತದೆ. ಕಾವ್ಯಕ್ಕೆ ಇದು ದೋಷವಲ್ಲ, ಗುಣ. ಆದರೆ ಚರಿತ್ರೆಯೆಂದು ನಾವು ನಂಬಿ ಓದುವ ಬರಹದಲ್ಲಿಯೂ ಇದೇ ನಡೆದರೆ? ಆ ಚರಿತ್ರೆಯನ್ನು ಆಧಾರವಾಗಿಟ್ಟುಕೊಂಡು ಭೂಗೋಳಜ್ಞರೂ ವೈದ್ಯರೂ ಸಿದ್ಧಾಂತಗಳನ್ನು ಕಟ್ಟಿದರೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ಒಂದು ಒಳ್ಳೆಯ ನಿದರ್ಶನ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿದೆ. ಅಲ್ಲಿಯ ಅಪಲೇಚಿಯನ್ ಬೆಟ್ಟಸಾಲಿನಲ್ಲಿ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಹ್ಯಾಟ್‌ಫೀಲ್ಡ್ ಮತ್ತು ಮೆಕಾಯ್ ಎಂಬ ಎರಡು ಮನೆತನಗಳ ನಡುವೆ ನಡೆದ ಹೊಡೆದಾಟ ಜಗತ್ಪ್ರಸಿದ್ಧವಾಗಿದೆ. ಇಂಗ್ಲಿಷ್ ಮಾತನಾಡುವ ನಾಡುಗಳಲ್ಲಿ ಬಿಡದ ಹಗೆಗೆ ಈ ಎರಡು ಹೆಸರುಗಳೇ ಗಾದೆಯಂತಾಗಿವೆ. 1923ರಲ್ಲಿ ಹಾಸ್ಯನಟ ಬಸ್ಟರ್ ಕೀಟನ್ ಇಂಥ ಹಗೆಯನ್ನೇ ವಸ್ತುವಾಗಿಟ್ಟುಕೊಂಡು ಒಂದು ಮೂಕಚಿತ್ರವನ್ನು ಮಾಡಿದನು. 1949ರಲ್ಲಿ ಮೆಕಾಯ್ ಮನೆಯ ಹುಡುಗಿಯೊಬ್ಬಳ ಪ್ರೇಮಕಥೆ ತೆರೆಗೆ ಬಂದಿತು. 2012ರಲ್ಲಿ ದೂರದರ್ಶನದ ಧಾರಾವಾಹಿಯಾಗಿ ಕೋಟ್ಯಂತರ ಜನ ಅದನ್ನು ನೋಡಿದರು. ಇಷ್ಟೊಂದು ಸಲ ಹೇಳಿದ ಕಥೆ ಸರಿಯಾಗಿಯೇ ಇರಬೇಕೆಂದು ಭಾವಿಸುವುದು ಸಹಜ. ಆದರೆ ಹಲವು ಬಾರಿ ಹೇಳಿದ ಮಾತ್ರಕ್ಕೆ ಮಾತು ನಿಜವಾಗುವುದಿಲ್ಲ. ಹಲವು ಬಾರಿ ಸವೆದ ನಾಣ್ಯದಂತೆ ಅದರ ಮೂಲ ಮುದ್ರೆ ಅಳಿಸಿಹೋಗಿರಲೂ ಬಹುದು.

ಎಲ್ಲರೂ ಹೇಳುವ ಕಥೆ

ಬಿಗ್ ಸ್ಯಾಂಡಿ ನದಿಯ ಒಂದು ಕವಲಿಗೆ ಟಗ್ ಫೋರ್ಕ್ ಎಂದು ಹೆಸರು. ಅದರ ಒಂದು ದಡ ಕೆಂಟಕಿ ಸಂಸ್ಥಾನಕ್ಕೆ ಸೇರಿದೆ, ಇನ್ನೊಂದು ದಡ ಪಶ್ಚಿಮ ವರ್ಜೀನಿಯಕ್ಕೆ. ಕಡಿದಾದ ಬೆಟ್ಟ, ದಟ್ಟವಾದ ಕಾಡು, ಕಣಿವೆಯಲ್ಲಿ ಅಲ್ಲೊಂದು ಇಲ್ಲೊಂದು ಮರದ ದಿಮ್ಮಿಗಳ ಮನೆ. ಪಶ್ಚಿಮ ವರ್ಜೀನಿಯದ ಕಡೆ ವಿಲಿಯಂ ಆಂಡರ್ಸನ್ ಹ್ಯಾಟ್‌ಫೀಲ್ಡ್ ಎಂಬಾತ ಪ್ರಬಲನಾಗಿದ್ದನು. 'ಡೆವಿಲ್ ಆನ್ಸ್' ಎಂಬುದು ಅವನ ಅಡ್ಡಹೆಸರು. ಸೈತಾನ ಆನ್ಸ್ ಎಂದು ಅದರ ಅರ್ಥ. ಕೆಂಟಕಿಯ ಕಡೆ ರ್ಯಾಂಡಾಲ್ಫ್ ಮೆಕಾಯ್ ಎಂಬ ಬಡ ಬೇಸಾಯಗಾರನಿದ್ದನು.

ಸಾಮಾನ್ಯವಾಗಿ ಕಥೆಯನ್ನು ಹೀಗೆ ಹೇಳುತ್ತಾರೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ರ್ಯಾಂಡಾಲ್ಫನ ತಮ್ಮ ಏಸಾ ಹಾರ್ಮನ್ ಉತ್ತರ ಪಕ್ಷದ ಸೈನ್ಯದಲ್ಲಿದ್ದನು. 1865ರ ಜನವರಿಯಲ್ಲಿ ಹ್ಯಾಟ್‌ಫೀಲ್ಡರ ಕಡೆಯವರು ಅವನನ್ನು ಕೊಂದರು. ಹಗೆಯ ಬೀಜ ಬಿದ್ದುದು ಅಲ್ಲಿ. 1878ರಲ್ಲಿ ಒಂದು ಹಂದಿ ಯಾರದೆಂಬ ವಿಷಯದಲ್ಲಿ ಮೊಕದ್ದಮೆ ನಡೆದು, ತೀರ್ಪು ಮೆಕಾಯರ ವಿರುದ್ಧವಾಯಿತು. 1880ರಲ್ಲಿ ಡೆವಿಲ್ ಆನ್ಸನ ಮಗ ಜಾನ್ಸಿಯೂ ರ್ಯಾಂಡಾಲ್ಫನ ಮಗಳು ರೋಸನ್ನಾಳೂ ಒಬ್ಬರನ್ನೊಬ್ಬರು ಪ್ರೀತಿಸಿ ಮನೆಯವರ ಕೋಪಕ್ಕೆ ಗುರಿಯಾದರು. 1882ರ ಆಗಸ್ಟ್ 7ರಂದು, ಚುನಾವಣೆಯ ದಿನ, ರ್ಯಾಂಡಾಲ್ಫನ ಮೂವರು ಗಂಡುಮಕ್ಕಳು ಡೆವಿಲ್ ಆನ್ಸನ ತಮ್ಮನಾದ ಎಲಿಸನ್ನನನ್ನು ಚೂರಿಯಿಂದ ಇರಿದು, ಗುಂಡು ಹಾರಿಸಿದರು. ಎರಡು ದಿನಗಳ ತರುವಾಯ ಅವನು ಸತ್ತನು. ಆ ಮೂವರನ್ನು ಹಿಡಿದಿಟ್ಟುಕೊಂಡಿದ್ದ ಹ್ಯಾಟ್‌ಫೀಲ್ಡರು ಅವರನ್ನು ಪೊದೆಗಳಿಗೆ ಕಟ್ಟಿಹಾಕಿ ಗುಂಡಿಕ್ಕಿ ಕೊಂದರು. 1888ರ ಹೊಸ ವರ್ಷದ ರಾತ್ರಿ ಹ್ಯಾಟ್‌ಫೀಲ್ಡರ ಕಡೆಯವರು ರ್ಯಾಂಡಾಲ್ಫನ ಮನೆಗೆ ಬೆಂಕಿಯಿಟ್ಟರು. ಅವನ ಮಗಳು ಆಲಿಫೇರ್, ಮಗ ಕ್ಯಾಲ್ವಿನ್ ಸತ್ತರು. ಹೆಂಡತಿ ಸಾರಾ ಹೊಡೆತ ತಿಂದು ಅರೆಜೀವವಾದಳು. ಬಳಿಕ ಕೆಂಟಕಿಯವರು ಹೊಳೆ ದಾಟಿ ದಾಳಿಯಿಟ್ಟರು. 1890ರ ಫೆಬ್ರವರಿ 18ರಂದು ಎಲಿಸನ್ ಮೌಂಟ್ಸ್ ಎಂಬ ತರುಣನನ್ನು ಗಲ್ಲಿಗೇರಿಸುವುದರೊಡನೆ ಎಲ್ಲವೂ ಮುಗಿಯಿತು.

ಈ ಕಥೆಯಲ್ಲಿ ಬರುವ ಘಟನೆಗಳಲ್ಲಿ ಯಾವುದೂ ಕಟ್ಟುಕಥೆಯಲ್ಲವೆಂಬುದನ್ನು ಮೊದಲೇ ಹೇಳಿಬಿಡಬೇಕು. ಕೊಲೆಗಳು ನಡೆದವು, ಬೆಂಕಿ ಬಿತ್ತು, ತಾಯಿಯೊಬ್ಬಳು ತನ್ನ ಮಕ್ಕಳ ಹೆಣಗಳನ್ನು ಕಂಡಳು. ಹಾಗಾದರೆ ಪಕ್ಷಪಾತವೆಲ್ಲಿ? ಸುಳ್ಳು ಹೇಳಿದರೆ ಮಾತ್ರ ಪಕ್ಷಪಾತವೆಂದು ನಾವು ತಿಳಿಯುವುದುಂಟು. ನಿಜವಾದ ಸಂಗತಿಗಳನ್ನೇ ಆಯ್ದು, ಪೋಣಿಸಿ, ಒಂದು ಹೆಸರಿಟ್ಟು ಕೂಡ ಓದುಗನನ್ನು ದಾರಿತಪ್ಪಿಸಬಹುದು. ಅದು ಹೇಗೆಂಬುದನ್ನು ಒಂದೊಂದಾಗಿ ಪರೀಕ್ಷಿಸೋಣ.

ಪೋಣಿಸಿದ ದಾರ

ಏಸಾ ಹಾರ್ಮನ್ ಸತ್ತುದು 1865ರಲ್ಲಿ; ಹಂದಿಯ ಮೊಕದ್ದಮೆ 1878ರಲ್ಲಿ. ನಡುವೆ 13 ವರ್ಷಗಳ ಅಂತರವಿದೆ. ಈ ಅವಧಿಯಲ್ಲಿ ಮೆಕಾಯರು ಸೇಡು ತೀರಿಸಿಕೊಳ್ಳಲು ಹೊರಟರೆಂಬುದಕ್ಕೆ ಆಧಾರಗಳಿಲ್ಲ. ಇನ್ನೊಂದು ಮಾತು: ಟಗ್ ಕಣಿವೆಯ ಬಹುಮಂದಿ ದಕ್ಷಿಣ ಪಕ್ಷದವರು, ರ್ಯಾಂಡಾಲ್ಫನ ಒಲವೂ ಆ ಪಕ್ಷದ ಕಡೆಗೇ. ಹೀಗಿರಲು ಉತ್ತರ ಪಕ್ಷದ ಸೈನಿಕನಾದ ಹಾರ್ಮನ್ನನ ಕೊಲೆಯನ್ನು ಅಂದಿನವರು ಯುದ್ಧಕಾಲದ ಅನೇಕ ದುರಂತಗಳಲ್ಲಿ ಒಂದೆಂದು ಕಂಡರೇ ಹೊರತು, ಎರಡು ಮನೆತನಗಳ ವೈರದ ಮೊದಲ ಅಧ್ಯಾಯವೆಂದಲ್ಲ. 1881ರಲ್ಲಿ, ರೋಸನ್ನಾಳನ್ನು ಬಿಟ್ಟ ಜಾನ್ಸಿ ಹ್ಯಾಟ್‌ಫೀಲ್ಡ್ ಮದುವೆಯಾದುದು ಯಾರನ್ನು? ಕೊಲೆಯಾದ ಅದೇ ಹಾರ್ಮನ್ನನ ಮಗಳು ನ್ಯಾನ್ಸಿ ಮೆಕಾಯಳನ್ನು! ಕುಲವೈರವು 1865ರಿಂದಲೇ ಹೊತ್ತಿ ಉರಿಯುತ್ತಿದ್ದರೆ ಈ ಮದುವೆ ಹೇಗೆ ನಡೆದೀತು?

ಕೊನೆ ಗೊತ್ತಾದ ಬಳಿಕ ಹಿಂದಕ್ಕೆ ತಿರುಗಿ ನೋಡಿದಾಗ ಎಲ್ಲ ಘಟನೆಗಳೂ ಆ ಕೊನೆಯ ಕಡೆಗೇ ನಡೆದುಬರುತ್ತಿದ್ದಂತೆ ತೋರುತ್ತವೆ. ಕಾಗೆ ಕೂತುದಕ್ಕೂ ಕೊಂಬೆ ಮುರಿದುದಕ್ಕೂ ಗಂಟು ಹಾಕುವ ಈ ಪ್ರವೃತ್ತಿ ಮನುಷ್ಯನ ಮನಸ್ಸಿನಲ್ಲಿ ಬಲವಾಗಿದೆ. ಮನಶ್ಶಾಸ್ತ್ರಜ್ಞರು ಇದನ್ನು ಹಿನ್ನೋಟದ ದೋಷವೆಂದು ಕರೆಯುತ್ತಾರೆ. ಕಥೆಗಾರನಿಗೆ ಅದು ಅನುಕೂಲ. ಸಂಶೋಧಕನಿಗೆ ಅದು ಬಲೆ.

ಹಂದಿಯ ಮೊಕದ್ದಮೆಯನ್ನೇ ನೋಡಿ. ಒಂದು ಹಂದಿಗಾಗಿ ಕೊಲೆಗಳಾದುವೆಂದು ನಗುವವರುಂಟು. ಆದರೆ ಆ ದಿನ ನಡೆದುದೇನು? ರ್ಯಾಂಡಾಲ್ಫನು ಕೋವಿಯನ್ನೆತ್ತಿಕೊಂಡು ಹೋಗಲಿಲ್ಲ; ನ್ಯಾಯಾಸ್ಥಾನಕ್ಕೆ ಹೋದನು. ಪಂಚರಲ್ಲಿ ಆರು ಮಂದಿ ಹ್ಯಾಟ್‌ಫೀಲ್ಡರು, ಆರು ಮಂದಿ ಮೆಕಾಯರು ಇದ್ದರೆಂದು ಹೇಳುತ್ತಾರೆ. ಸೆಲ್ಕರ್ಕ್ ಮೆಕಾಯ್ ಎಂಬಾತ ತನ್ನ ಕುಲದವನ ವಿರುದ್ಧವಾಗಿ ಅಭಿಪ್ರಾಯ ಕೊಟ್ಟುದರಿಂದ ರ್ಯಾಂಡಾಲ್ಫನು ಸೋತನು. ತೀರ್ಪು ಅವನಿಗೆ ಕಹಿಯಾಯಿತು, ಆದರೂ ಅಂದು ಯಾರೂ ಯಾರನ್ನೂ ಕೊಲ್ಲಲಿಲ್ಲ. ಅನಾಗರಿಕರ ಹೊಡೆದಾಟವೆಂದು ಹೆಸರಾದ ಪ್ರಸಂಗದ ಮೊದಲ ದೃಶ್ಯ ಒಂದು ನ್ಯಾಯವಿಚಾರಣೆಯೆಂಬುದನ್ನು ಮರೆಯಬಾರದು.

ಹೆಸರಿನ ಮೋಹ

'ಎರಡು ಮನೆತನಗಳ ಹಗೆ' ಎಂಬ ಹೆಸರೇ ಎರಡನೆಯ ದೋಷಕ್ಕೆ ಕಾರಣ. ಹಾಗೆಂದೊಡನೆ ಒಂದು ಕಡೆ ಎಲ್ಲರೂ ಹ್ಯಾಟ್‌ಫೀಲ್ಡರು, ಇನ್ನೊಂದು ಕಡೆ ಎಲ್ಲರೂ ಮೆಕಾಯರು, ಇವರನ್ನು ಒಟ್ಟುಗೂಡಿಸಿದುದು ರಕ್ತಸಂಬಂಧವೊಂದೇ ಎಂಬ ಚಿತ್ರ ನಮ್ಮ ಕಣ್ಣಿಗೆ ಕಟ್ಟುತ್ತದೆ. 1882ರ ಮೂರು ಕೊಲೆಗಳಿಗಾಗಿ ಕೆಂಟಕಿಯ ಪೈಕ್ ಜಿಲ್ಲೆಯ ನ್ಯಾಯಾಸ್ಥಾನ 20 ಮಂದಿಯ ಮೇಲೆ ಆರೋಪ ಹೊರಿಸಿತು. ಆ ಪಟ್ಟಿಯಲ್ಲಿ ಹ್ಯಾಟ್‌ಫೀಲ್ಡರಲ್ಲದೆ ಮಹಾನ್, ವಾರ್ನಿ, ವಿಟ್, ಕಾರ್ಪೆಂಟರ್ ಮೊದಲಾದ ಉಪನಾಮಗಳವರಿದ್ದರು. ಆಶ್ಚರ್ಯವೆಂದರೆ ಮೆಕಾಯರೂ ಇದ್ದರು! ಹಂದಿಯ ಮೊಕದ್ದಮೆಯ ಸೆಲ್ಕರ್ಕ್ ಮೆಕಾಯನ ಹೆಸರು ಅಲ್ಲಿ ಹ್ಯಾಟ್‌ಫೀಲ್ಡರ ಸಂಗಡವೇ ಇತ್ತು.

ರಕ್ತವೇ ಗುಂಪುಗಳನ್ನು ಕಟ್ಟಿದ್ದರೆ ಇದು ಹೇಗಾಯಿತು? ಈ ಪ್ರಶ್ನೆಯನ್ನು ಶ್ರದ್ಧೆಯಿಂದ ಕೇಳಿದವರಲ್ಲಿ ಮುಖ್ಯರು ಆಲ್ಟೀನಾ ವಾಲರ್ ಎಂಬ ಅಮೆರಿಕದ ಇತಿಹಾಸಜ್ಞೆ. 1988ರಲ್ಲಿ ಪ್ರಕಟವಾದ ತಮ್ಮ ಗ್ರಂಥಕ್ಕಾಗಿ ಅವರು ಹಳೆಯ ಕಥೆಗಳನ್ನು ಬದಿಗಿಟ್ಟು, ಜಿಲ್ಲಾ ಕಚೇರಿಗಳಲ್ಲಿ ಉಳಿದಿದ್ದ ಮೊಕದ್ದಮೆಯ ಕಾಗದಗಳು, ಜಮೀನಿನ ಪತ್ರಗಳು, ತೆರಿಗೆಯ ಪಟ್ಟಿಗಳು, ಜನಗಣತಿಯ ದಾಖಲೆಗಳು ಇವುಗಳನ್ನು ಪರಿಶೀಲಿಸಿದರು. ಈ ಕಾಗದಗಳನ್ನು ಬರೆದ ಗುಮಾಸ್ತರಿಗೆ ಮುಂದೆ ಕಥೆಯೊಂದು ಹುಟ್ಟೀತೆಂಬ ಕಲ್ಪನೆಯೂ ಇರಲಿಲ್ಲ. ಅದೇ ಅವುಗಳ ಬೆಲೆ.

ಅವುಗಳಿಂದ ಬೇರೊಂದು ಚಿತ್ರ ಹೊರಬಿದ್ದಿತು. ಡೆವಿಲ್ ಆನ್ಸನು ಮರದ ವ್ಯಾಪಾರಿ. ಬೆಟ್ಟದ ಮರಗಳನ್ನು ಕಡಿಸಿ, ಹೊಳೆಗೆ ನೀರು ಬಂದಾಗ ದಿಮ್ಮಿಗಳನ್ನು ತೇಲಿಬಿಟ್ಟು ಮಾರುವುದು ಅವನ ಉದ್ಯೋಗ. ಅವನ ಕಡೆ ನಿಂತವರಲ್ಲಿ ಅನೇಕರು ಅವನ ಬಳಿ ಕೂಲಿ ಮಾಡುತ್ತಿದ್ದವರು, ಅವನ ಜಮೀನನ್ನು ಅವಲಂಬಿಸಿದ್ದವರು. ಸೆಲ್ಕರ್ಕ್ ಮೆಕಾಯನೂ ಅವನ ಮಕ್ಕಳೂ ಆ ಮರದ ಕೆಲಸದವರೇ. ಅಂದರೆ ಗುಂಪುಗಳನ್ನು ಬೆಸೆದುದರಲ್ಲಿ ರಕ್ತದ ಪಾಲೆಷ್ಟೋ ಅನ್ನದ ಪಾಲೂ ಅಷ್ಟೇ ಇತ್ತು. ಆ ಕಣಿವೆಯ ಜನ ಮಾತು ಮಾತಿಗೂ ಕೋವಿ ಹಿಡಿಯುವವರಾಗಿರಲಿಲ್ಲ. ಮಾತು ಮಾತಿಗೂ ಕಚೇರಿಯ ಮೆಟ್ಟಿಲು ಹತ್ತುವವರಾಗಿದ್ದರೆಂಬುದೂ ಆ ಕಾಗದಗಳಿಂದಲೇ ತಿಳಿದುಬಂದಿತು.

ಐದು ವರ್ಷಗಳ ಮೌನ

1882ರಲ್ಲಿ 20 ಮಂದಿಯ ಮೇಲೆ ಆರೋಪ ಹೊರಿಸಿದುದು ಸರಿಯಷ್ಟೆ. ಆದರೆ 1887ರವರೆಗೆ ಅವರನ್ನು ಹಿಡಿಯುವ ಗೊಡವೆಗೆ ಯಾರೂ ಹೋಗಲಿಲ್ಲ. ನಡುವೆ, 1886ರಲ್ಲಿ, ಜೆಫ್ ಮೆಕಾಯ್ ಎಂಬವನ ಕೊಲೆಯಾಯಿತಾದರೂ ಕಣಿವೆ ಒಟ್ಟಿನಲ್ಲಿ ಶಾಂತವಾಗಿಯೇ ಇತ್ತು. ಐದು ವರ್ಷಗಳ ಮೇಲೆ ಹಳೆಯ ಆರೋಪಪತ್ರಗಳ ಧೂಳನ್ನು ಕೊಡವಿದವರಾರು? ಕುಲವೈರದ ಕಥೆಯಲ್ಲಿ ಈ ಪ್ರಶ್ನೆಗೆ ಸ್ಥಳವೇ ಇಲ್ಲ. ಏಕೆಂದರೆ ಹಗೆ ತಾನಾಗಿಯೇ ಉರಿಯುತ್ತದೆಂದು ಅಲ್ಲಿ ಭಾವನೆ.

ದಾಖಲೆಗಳು ಪೆರಿ ಕ್ಲೈನ್ ಎಂಬ ವಕೀಲನತ್ತ ಬೆರಳು ತೋರುತ್ತವೆ. ಅವನು ಏಸಾ ಹಾರ್ಮನ್ನನ ಹೆಂಡತಿಯ ಸೋದರ. ತಂದೆಯಿಂದ ಬಂದ ವಿಸ್ತಾರವಾದ ಕಾಡಿನ ಜಮೀನು ಅವನಿಗಿತ್ತು. ಡೆವಿಲ್ ಆನ್ಸನು 1872ರಲ್ಲಿ ಅವನ ಮೇಲೆ ಮರ ಕಡಿದ ಸಂಬಂಧವಾಗಿ ದಾವೆ ಹೂಡಿದನು. 1877ರಲ್ಲಿ ಆ ವ್ಯಾಜ್ಯ ತೀರಿದಾಗ ಕ್ಲೈನನು 5,000 ಎಕರೆ ಕಳೆದುಕೊಂಡನು. ಆಮೇಲೆ ಅವನು ಪೈಕ್‌ವಿಲ್ ಪಟ್ಟಣದಲ್ಲಿ ನೆಲಸಿ, ವಕೀಲನಾಗಿ, ರಾಜಕೀಯದಲ್ಲಿ ಕೈಯಾಡಿಸತೊಡಗಿದನು. 1887ರಲ್ಲಿ ಸೈಮನ್ ಬಕ್ನರ್ ಎಂಬವರು ಕೆಂಟಕಿಯ ಗವರ್ನರಾಗಿ ಚುನಾಯಿತರಾದರು. ಅವರನ್ನು ಬೆಂಬಲಿಸಿದ್ದ ಕ್ಲೈನನ ಒತ್ತಾಯದಿಂದ ಆರೋಪಿಗಳನ್ನು ಹಿಡಿದುಕೊಟ್ಟವರಿಗೆ ಬಹುಮಾನ ಘೋಷಿತವಾಯಿತು. ಅವರನ್ನು ಒಪ್ಪಿಸಬೇಕೆಂದು ಪಶ್ಚಿಮ ವರ್ಜೀನಿಯಕ್ಕೆ ಕೋರಿಕೆ ಹೋಯಿತು.

ಇದೇ ಸಮಯಕ್ಕೆ ಟಗ್ ಕಣಿವೆಯ ಭಾಗ್ಯವೂ ಬದಲಾಗುತ್ತಿತ್ತು. ಆ ಬೆಟ್ಟಗಳ ಒಡಲಲ್ಲಿ ಒಳ್ಳೆಯ ಕಲ್ಲಿದ್ದಲಿದೆ. ಅದನ್ನು ಸಾಗಿಸಲು ನಾರ್ಫೋಕ್ ಅಂಡ್ ವೆಸ್ಟರ್ನ್ ಕಂಪೆನಿ ಹಾಕಿದ ರೈಲುಹಾದಿ 1892ರಲ್ಲಿ ಆ ಕಣಿವೆಯ ಮೂಲಕ ಪೂರ್ತಿಯಾಯಿತು. ರೈಲು ಬರುವ ಮೊದಲೇ ಜಮೀನಿನ ಮೇಲೆ ಹೊರಗಿನ ಬಂಡವಾಳಗಾರರ ಕಣ್ಣು ಬಿದ್ದಿತ್ತು. 1888ರಲ್ಲಿ, ದಾಳಿಗಳಿಂದ ಕಂಗೆಟ್ಟ ಡೆವಿಲ್ ಆನ್ಸನು ತನ್ನ ಜಮೀನನ್ನು ಅಂಥವರ ಪ್ರತಿನಿಧಿಗೆ ಮಾರಿ, ಗಡಿಯಿಂದ ದೂರ ಸರಿದು ನೆಲೆಸಿದನು. ಕ್ಲೈನನಿಂದ ಬಂದ ಕಾಡು ಹ್ಯಾಟ್‌ಫೀಲ್ಡನಿಗೂ ಉಳಿಯಲಿಲ್ಲ. ಹೀಗೆ ನೋಡಿದರೆ, 1887ರಿಂದ 1890ರವರೆಗಿನ ಎರಡನೆಯ ಘಟ್ಟ ಕೇವಲ ಎರಡು ಮನೆಗಳ ಜಗಳವಾಗಿರಲಿಲ್ಲ. ಅದರಲ್ಲಿ ಎರಡು ಸಂಸ್ಥಾನಗಳ ಪ್ರತಿಷ್ಠೆಯೂ ಜಮೀನಿನ ಆಸೆಯೂ ಹೆಣೆದುಕೊಂಡಿದ್ದವು.

ವಿವಾದ ಕೊನೆಗೆ ರಾಷ್ಟ್ರದ ಸರ್ವೋಚ್ಚ ನ್ಯಾಯಾಲಯವನ್ನೂ ಮುಟ್ಟಿತು. ಕೆಂಟಕಿಯ ಉಪ ಶೆರೀಫನಾದ ಫ್ರಾಂಕ್ ಫಿಲಿಪ್ಸನು ಅನುಮತಿಯಿಲ್ಲದೆ ಹೊಳೆ ದಾಟಿ, ಒಂಬತ್ತು ಮಂದಿಯನ್ನು ಬಲವಂತವಾಗಿ ಹಿಡಿದುತಂದಿದ್ದನು. ಅವರಲ್ಲೊಬ್ಬನಾದ ಪ್ಲಯಂಟ್ ಮಹಾನನ ಪರವಾಗಿ ನಡೆದ ವಾದದಲ್ಲಿ, 1888ರ ಮೇ ತಿಂಗಳಲ್ಲಿ, ಹಿಡಿದುತಂದ ರೀತಿ ನ್ಯಾಯಬಾಹಿರವಾದರೂ ಕೆಂಟಕಿ ಅವರ ವಿಚಾರಣೆ ನಡೆಸಬಹುದೆಂದು ತೀರ್ಪಾಯಿತು. ಇಬ್ಬರು ನ್ಯಾಯಾಧೀಶರು ಭಿನ್ನಾಭಿಪ್ರಾಯವಿತ್ತರು. ಮುಂದೆ ವಿಚಾರಣೆಯಲ್ಲಿ ಏಳು ಮಂದಿಗೆ ಜೀವಾವಧಿ ಸೆರೆಯಾಯಿತು. ಗಲ್ಲಿಗೇರಿದವನು ಒಬ್ಬನೇ, ಬುದ್ಧಿ ಮಂದವೆಂದು ಅನೇಕರು ಹೇಳಿರುವ ಮೌಂಟ್ಸ್. ಡೆವಿಲ್ ಆನ್ಸನನ್ನು ಈ ಕೊಲೆಗಳಿಗಾಗಿ ಯಾರೂ ಕಟಕಟೆಯಲ್ಲಿ ನಿಲ್ಲಿಸಲಿಲ್ಲ. ಅವನು 1921ರಲ್ಲಿ ವೃದ್ಧನಾಗಿ ಸತ್ತನು.

ವರದಿಗಾರರ ಕಣ್ಣು

ಲೋಕಕ್ಕೆ ಈ ಸುದ್ದಿ ತಲಪಿದುದು ವೃತ್ತಪತ್ರಿಕೆಗಳ ಮೂಲಕ. ಕೆಂಟಕಿಯ ಪತ್ರಿಕೆಗಳಿಗೆ ಹ್ಯಾಟ್‌ಫೀಲ್ಡರು ರಾಕ್ಷಸರು. ಪಶ್ಚಿಮ ವರ್ಜೀನಿಯದ ಪತ್ರಿಕೆಗಳಿಗೆ ಗಡಿ ಮೀರಿ ಬಂದ ಕೆಂಟಕಿಯವರೇ ರಾಕ್ಷಸರು. ದೂರದ ನ್ಯೂಯಾರ್ಕಿನ ಪತ್ರಿಕೆಗಳಿಗಾದರೋ ಇಬ್ಬರೂ ರಾಕ್ಷಸರು. ನ್ಯೂಯಾರ್ಕಿನ 'ವರ್ಲ್ಡ್' ಪತ್ರಿಕೆಯ ವರದಿಗಾರನಾದ ಟಿ. ಸಿ. ಕ್ರಾಫರ್ಡ್ 1888ರಲ್ಲಿ ಬೆಟ್ಟಗಳಿಗೆ ಹೋಗಿ, ಕೆಲವೇ ದಿನಗಳಿದ್ದು ಮರಳಿ, 1889ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದನು. ಅಮೆರಿಕದೊಳಗಿನ ಬರ್ಬರತೆಯ ಕಥೆಯೆಂದು ಅದರ ಉಪಶೀರ್ಷಿಕೆಯೇ ಸಾರುತ್ತಿತ್ತು.

ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಓದುಗರಿಗೆ ಕೊರತೆಯಿರಲಿಲ್ಲ. ಈ ಕಲಹದಲ್ಲಿ ಒಟ್ಟು ಸತ್ತವರು ಸುಮಾರು ಹನ್ನೆರಡು ಮಂದಿ. ಬಾಯಿಮಾತಿನಲ್ಲಿ ಆ ಸಂಖ್ಯೆ ಹಲವು ಪಟ್ಟು ಬೆಳೆಯಿತು. ಒಂದು ಜೀವವಾದರೂ ಹೋಗಬಾರದಾಗಿತ್ತೆಂಬುದು ನಿಜ. ಆದರೆ ಹೋಲಿಕೆಗಾಗಿ ಇನ್ನೊಂದು ಘಟನೆಯನ್ನು ನೋಡಿ. 1892ರ ಜುಲೈ 6ರಂದು ಪೆನ್ಸಿಲ್ವೇನಿಯದ ಹೋಮ್‌ಸ್ಟೆಡ್‌ನಲ್ಲಿ ಉಕ್ಕಿನ ಕಾರ್ಖಾನೆಯ ಮುಷ್ಕರಗಾರರಿಗೂ ಕಂಪೆನಿ ಕರೆಸಿದ ಖಾಸಗಿ ಕಾವಲುಗಾರರಿಗೂ ಗುಂಡಿನ ಕಾಳಗವಾಗಿ, ಒಂದೇ ದಿನದಲ್ಲಿ ಸುಮಾರು ಹತ್ತು ಮಂದಿ ಸತ್ತರು. ಅದಕ್ಕೆ ಮುಷ್ಕರವೆಂದು ಹೆಸರಾಯಿತು. ಅದರ ಕಾರಣವನ್ನು ಕೂಲಿಯಲ್ಲಿ, ಕರಾರಿನಲ್ಲಿ ಹುಡುಕಿದರು. ಬೆಟ್ಟದವರು ಹೊಡೆದಾಡಿದಾಗ ಮಾತ್ರ ಕಾರಣವನ್ನು ಅವರ ರಕ್ತದಲ್ಲಿ ಹುಡುಕಿದರು.

ಕೆಂಟಕಿಯ ಇತರ ಜಿಲ್ಲೆಗಳಲ್ಲಿಯೂ ಹೀಗೆಯೇ ನಡೆಯಿತು. ಕ್ಲೇ ಜಿಲ್ಲೆಯ ಕಲಹವನ್ನು ಹಳ್ಳಿಗರ ಕುಲವೈರವೆಂದು ಪತ್ರಿಕೆಗಳು ಬಣ್ಣಿಸಿದುವು. ಡ್ವೈಟ್ ಬಿಲ್ಲಿಂಗ್ಸ್ ಮತ್ತು ಕ್ಯಾಥ್ಲೀನ್ ಬ್ಲೀ ಎಂಬ ಸಮಾಜಶಾಸ್ತ್ರಜ್ಞರು ಅದರ ಬೇರನ್ನು ಹುಡುಕುತ್ತ ಹೋದಾಗ ಸಿಕ್ಕವರು ಉಪ್ಪಿನ ಕಾರ್ಖಾನೆಗಳ ಒಡೆಯರಾಗಿದ್ದ ಗ್ಯಾರರ್ಡ್ ಮತ್ತು ವೈಟ್ ಎಂಬ ಎರಡು ಸಿರಿವಂತ ಮನೆತನಗಳು. ಗ್ಯಾರರ್ಡರು ಕೆಂಟಕಿಯ ಎರಡನೆಯ ಗವರ್ನರನ ವಂಶದವರು. ಇವರನ್ನು ಲೋಕದ ಸಂಪರ್ಕವಿಲ್ಲದ ಕಾಡುಜನರೆಂದು ಕರೆಯುವುದು ಸಾಧ್ಯವೆ? ಬ್ರೆಥಿಟ್ ಜಿಲ್ಲೆಯಲ್ಲಿ 1903ರಲ್ಲಿ ಜೆ. ಬಿ. ಮಾರ್ಕಮ್ ಎಂಬ ವಕೀಲನನ್ನು ನ್ಯಾಯಾಸ್ಥಾನದ ಕಟ್ಟಡದಲ್ಲಿಯೇ ಗುಂಡಿಟ್ಟು ಕೊಂದರು. ಅಲ್ಲಿ ಬಹುಕಾಲ ನಡೆದ ಹಿಂಸೆ ಮುಖ್ಯವಾಗಿ ರಾಜಕೀಯ ಪಕ್ಷಗಳ ಹಿಂಸೆಯೆಂದೂ ಅದನ್ನು ಕುಲವೈರವೆಂದು ಕರೆದುದರಿಂದ ಹೊಣೆಗಾರರು ಮರೆಯಾದರೆಂದೂ ಇತಿಹಾಸಜ್ಞ ಟಿ. ಆರ್. ಸಿ. ಹಟ್ಟನ್ 2013ರ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ.

ಶಾಸ್ತ್ರಜ್ಞರೂ ಕಥೆಯನ್ನು ನಂಬಿದಾಗ

ಕಥೆಯ ದೋಷ ಶಾಸ್ತ್ರಕ್ಕೂ ಹರಡಿತು. 1901ರಲ್ಲಿ ಎಲೆನ್ ಚರ್ಚಿಲ್ ಸೆಂಪಲ್ ಎಂಬ ಹೆಸರಾಂತ ಭೂಗೋಳಜ್ಞೆ ಕೆಂಟಕಿಯ ಬೆಟ್ಟಗರನ್ನು ಕುರಿತು ಲಂಡನ್ನಿನ ಪತ್ರಿಕೆಯೊಂದರಲ್ಲಿ ಪ್ರಬಂಧ ಬರೆದರು. ಬೆಟ್ಟಗಳು ಈ ಜನರನ್ನು ಲೋಕದಿಂದ ಬೇರ್ಪಡಿಸಿವೆ. ಆದುದರಿಂದ ಹಳೆಯ ಕಾಲದ ನಡೆನುಡಿಗಳೂ ಹಗೆತನವೂ ಅವರಲ್ಲಿ ಉಳಿದಿವೆ ಎಂಬುದು ಅವರ ವಾದದ ಸಾರ. ತೊಂಬತ್ತೈದು ವರ್ಷಗಳ ಮೇಲೆ, 1996ರಲ್ಲಿ, ರಿಚರ್ಡ್ ನಿಸ್ಬೆಟ್ ಮತ್ತು ಡೋವ್ ಕೊಹೆನ್ ಎಂಬ ಮನಶ್ಶಾಸ್ತ್ರಜ್ಞರು ಬೇರೊಂದು ಮಾರ್ಗವನ್ನು ಹಿಡಿದರು. ಅಮೆರಿಕದ ದಕ್ಷಿಣ ಭಾಗದಲ್ಲಿ ನೆಲಸಿದವರ ಪೂರ್ವಿಕರು ಪಶುಪಾಲಕರಾಗಿದ್ದುದರಿಂದ, ಅವಮಾನವನ್ನು ಸಹಿಸದ ಗುಣ ಅಲ್ಲಿಯ ಸಂಸ್ಕೃತಿಯಲ್ಲಿ ಬೇರೂರಿತೆಂದು ಅವರ ಊಹೆ. ಬೇಕೆಂದೇ ಅವಮಾನಕ್ಕೊಳಪಡಿಸಿದ ವಿದ್ಯಾರ್ಥಿಗಳ ಜೊಲ್ಲಿನಲ್ಲಿ ಹಾರ್ಮೋನುಗಳ ಪ್ರಮಾಣವನ್ನು ಅಳೆದು, ಉತ್ತರದವರಿಗಿಂತ ದಕ್ಷಿಣದವರಲ್ಲಿ ಅದು ಹೆಚ್ಚು ಏರಿತೆಂದು ಅವರು ತೋರಿಸಿದರು.

ಎಲ್ಲಕ್ಕಿಂತ ಹೆಚ್ಚು ಸದ್ದು ಮಾಡಿದುದು 2007ರ ಸುದ್ದಿ. ಮೆಕಾಯ್ ವಂಶದ ಈಗಿನ ಕೆಲವರಲ್ಲಿ ವಾನ್ ಹಿಪ್ಪೆಲ್–ಲಿಂಡೌ ಎಂಬ ಆನುವಂಶಿಕ ರೋಗವಿರುವುದನ್ನು ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದ ವೈದ್ಯರು ಗುರುತಿಸಿದ್ದರು. ಮೂರನೆಯ ವರ್ಣತಂತುವಿನ ಒಂದು ಜೀನು ಕೆಡುವುದರಿಂದ ಬರುವ ಈ ರೋಗದಲ್ಲಿ, ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಲ್ಲಿ ಗಂತಿಗಳು ಬೆಳೆಯಬಹುದು. ಅಂಥ ಗಂತಿ ಅಡ್ರಿನಲಿನ್ ಮೊದಲಾದ ರಸಗಳನ್ನು ಮಿತಿಮೀರಿ ಸುರಿಸುತ್ತದೆ. ಆಗ ಎದೆ ಹೊಡೆದುಕೊಳ್ಳುತ್ತದೆ, ತಲೆ ಸಿಡಿಯುತ್ತದೆ, ರಕ್ತದ ಒತ್ತಡ ಏರುತ್ತದೆ, ಮನಸ್ಸು ತಳಮಳಗೊಳ್ಳುತ್ತದೆ. ಇನ್ನೇನು ಬೇಕು? ಹಗೆಗೆ ಕಾರಣ ಸಿಕ್ಕಿತೆಂದು ಪತ್ರಿಕೆಗಳು ಸಾರಿದುವು.

ಇಲ್ಲಿ ವಿದ್ಯಾರ್ಥಿಗಳು ಒಂದು ಸರಳವಾದ ನಿಯಮವನ್ನು ನೆನಪಿಡಬೇಕು. ಸದಾ ಒಂದೇ ಸಮನಾಗಿರುವ ಕಾರಣ, ಬಂದುಹೋಗುವ ಕಾರ್ಯವನ್ನು ತಾನೊಂದೇ ವಿವರಿಸಲಾರದು. ಬೆಟ್ಟಗಳು 1860ರಲ್ಲಿಯೂ ಇದ್ದುವು, 1870ರಲ್ಲಿಯೂ ಇದ್ದುವು. ಕೊಲೆಗಳು ಮಾತ್ರ ಕೆಲವು ವರ್ಷಗಳಲ್ಲಿ ಹೊತ್ತಿಕೊಂಡು ಕೆಲವು ವರ್ಷಗಳಲ್ಲಿ ಆರಿದುವು. ಜೀನು ತಲೆಮಾರಿನಿಂದ ತಲೆಮಾರಿಗೆ ಇಳಿದು ಇಂದಿಗೂ ಉಳಿದಿದೆ, ಹಗೆ ಉಳಿದಿಲ್ಲ. 2003ರ ಜೂನ್ 14ರಂದು ಎರಡೂ ವಂಶದವರು ಪೈಕ್‌ವಿಲ್‌ನಲ್ಲಿ ವಿಧ್ಯುಕ್ತವಾಗಿ ಶಾಂತಿಪತ್ರಕ್ಕೆ ಸಹಿ ಹಾಕಿದರು. ಅಲ್ಲದೆ, ರೋಗ ಕಂಡುಬಂದುದು ಮೆಕಾಯರಲ್ಲಿ. ಪೊದೆಗೆ ಕಟ್ಟಿ ಕೊಂದವರೂ ಮನೆಗೆ ಬೆಂಕಿಯಿಟ್ಟವರೂ ಹ್ಯಾಟ್‌ಫೀಲ್ಡರ ಕಡೆಯವರು. 1882ರಲ್ಲಿ ಚೂರಿ ಹಿಡಿದ ಮೂವರು ತರುಣರಲ್ಲಿ ಯಾರಿಗಾದರೂ ಈ ರೋಗವಿತ್ತೆಂದು ಯಾರೂ ಪರೀಕ್ಷಿಸಿ ನೋಡಿದ್ದಿಲ್ಲ. ರೋಗ ಕೆಲವರ ಸಿಟ್ಟಿಗೆ ತುಪ್ಪ ಸುರಿದಿರಬಹುದು. ಆರೋಪಪತ್ರಗಳನ್ನು ಐದು ವರ್ಷ ಮಲಗಿಸಿ, 1887ರಲ್ಲಿ ಎಬ್ಬಿಸಿದುದು ಗ್ರಂಥಿಯ ರಸವಲ್ಲ. ವೈದ್ಯರ ಶೋಧ ರೋಗಿಗಳಿಗೆ ಬಹಳ ಉಪಯುಕ್ತವಾದುದು, ಏಕೆಂದರೆ ಗಂತಿಯನ್ನು ಕಾಲಕ್ಕೆ ಸರಿಯಾಗಿ ಕಂಡುಹಿಡಿದರೆ ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಆ ಶೋಧವನ್ನು ಕುಲದ ಕಳಂಕವನ್ನಾಗಿ ಮಾಡಿದುದು ಹಳೆಯ ಕಥೆಯ ಪ್ರಭಾವ.

ಕಥೆಗೆ ತೆತ್ತ ಬೆಲೆ

ಯಾವುದೋ ಕಾಲದ ಕಥೆ ಹೇಗೆ ಹೇಳಿದರೇನು ಎಂದು ಕೇಳುವವರಿಗೆ ಅದೇ ಟಗ್ ಕಣಿವೆಯೇ ಉತ್ತರ ಕೊಡುತ್ತದೆ. 1920ರ ಹೊತ್ತಿಗೆ ಅಲ್ಲಿ ಗಣಿಗಳು ಹಬ್ಬಿದ್ದವು. ಜಮೀನು ಕಳೆದುಕೊಂಡ ಬೇಸಾಯಗಾರರ ಮಕ್ಕಳು ಗಣಿಯ ಕೂಲಿಗಳಾಗಿ, ಕಂಪೆನಿಯ ಮನೆಗಳಲ್ಲಿ ವಾಸವಾಗಿದ್ದರು. ಸಂಘ ಸೇರಿದವರನ್ನು ಆ ಮನೆಗಳಿಂದ ಹೊರಹಾಕಲು ಕಂಪೆನಿಯವರು ಖಾಸಗಿ ಪತ್ತೇದಾರರನ್ನು ಕರೆಸಿದರು. 1920ರ ಮೇ 19ರಂದು ಮೇಟ್‌ವಾನ್ ಪಟ್ಟಣದಲ್ಲಿ ಗುಂಡು ಹಾರಿ ಹತ್ತು ಮಂದಿ ಸತ್ತರು. ಗಣಿಗಾರರ ಪರವಾಗಿ ನಿಂತಿದ್ದ ಪಟ್ಟಣದ ಪೊಲೀಸ್ ಮುಖ್ಯಸ್ಥನ ಹೆಸರು ಸಿಡ್ ಹ್ಯಾಟ್‌ಫೀಲ್ಡ್. ಮರುವರ್ಷ ಆಗಸ್ಟ್ 1ರಂದು ಅವನನ್ನು ನ್ಯಾಯಾಸ್ಥಾನದ ಮೆಟ್ಟಿಲ ಮೇಲೆ ಕೊಂದರು. ಹ್ಯಾಟ್‌ಫೀಲ್ಡ್ ಎಂಬ ಹೆಸರನ್ನು ಕಂಡೊಡನೆ ಹಳೆಯ ಹಗೆಯನ್ನು ನೆನೆಯುವುದು ಹೊರಗಿನವರಿಗೆ ಸುಲಭವಾಗಿತ್ತು. ಕೂಲಿಯ ಪ್ರಶ್ನೆ, ವಾಸದ ಪ್ರಶ್ನೆ, ಸಂಘ ಕಟ್ಟುವ ಹಕ್ಕಿನ ಪ್ರಶ್ನೆ ಇವೆಲ್ಲ ಬೆಟ್ಟದವರ ಒರಟುತನವೆಂಬ ಒಂದೇ ಮಾತಿನಲ್ಲಿ ಮುಳುಗುವ ಅಪಾಯವಿತ್ತು. ಒಂದು ಜನವನ್ನು ಹುಟ್ಟುಜಗಳಗಂಟರೆಂದು ಕರೆದ ಮೇಲೆ ಅವರ ನ್ಯಾಯವಾದ ದೂರಿಗೂ ಕಿವಿಗೊಡುವವರು ಕಡಿಮೆಯಾಗುತ್ತಾರೆ.

ಹಾಗೆಂದು ಹೊಸ ಇತಿಹಾಸಜ್ಞರ ಮಾತನ್ನು ವೇದವಾಕ್ಯವೆಂದು ಹಿಡಿಯಬೇಕಾಗಿಲ್ಲ. ಜಮೀನು, ಕಲ್ಲಿದ್ದಲು, ರಾಜಕೀಯ ಇವುಗಳಿಂದಲೇ ಎಲ್ಲವನ್ನೂ ವಿವರಿಸುವವರು ಮನುಷ್ಯರ ಕೋಪತಾಪಗಳನ್ನು ಮರೆಯುವ ಸಂಭವವಿದೆ. ಸಾರಾ ಮೆಕಾಯಳ ದುಃಖ ತೆರಿಗೆಯ ಪಟ್ಟಿಯಲ್ಲಿ ಕಾಣುವುದಿಲ್ಲ. ಹೊಸ ವರ್ಷದ ರಾತ್ರಿ ಬೆಂಕಿಯಿಟ್ಟ ಕೈಗಳು ಕಂಪೆನಿಯ ಕೈಗಳಲ್ಲ, ನೆರೆಯವರ ಕೈಗಳು. ದಾಖಲೆಗಳಿಗೂ ತಮ್ಮದೇ ಆದ ಓರೆ ಇದೆ: ಜಮೀನಿದ್ದವರ ಹೆಸರು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ, ಹೆಂಗಸರ, ಕೂಲಿಗಳ ಹೆಸರು ಅಪರೂಪ. ಆದುದರಿಂದ ಒಂದು ಆಧಾರದ ಓರೆಯನ್ನು ಇನ್ನೊಂದು ಆಧಾರದಿಂದ ತಿದ್ದಿಕೊಳ್ಳುವುದಲ್ಲದೆ ಬೇರೆ ದಾರಿಯಿಲ್ಲ. ಒಂದೇ ತಕ್ಕಡಿಯನ್ನು ನಂಬದೆ ಹಲವು ತಕ್ಕಡಿಗಳಲ್ಲಿ ತೂಗಿ ನೋಡುವ ರಸಾಯನಜ್ಞನ ಕ್ರಮವೇ ಇತಿಹಾಸಕ್ಕೂ ಸಲ್ಲುತ್ತದೆ.

ನಮ್ಮಲ್ಲಿಯೂ ಊರು ಊರುಗಳ, ಮನೆ ಮನೆಗಳ ಹೊಡೆದಾಟದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ. 'ಹಳೇ ದ್ವೇಷ' ಎಂಬ ಎರಡು ಪದಗಳಲ್ಲಿ ಕಾರಣ ಮುಗಿದುಹೋಗುತ್ತದೆ. ಅಂಥದನ್ನು ಓದುವಾಗ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಈ ಸುದ್ದಿಯನ್ನು ಮೊದಲು ಹೇಳಿದವರಾರು, ಅವರು ಯಾವ ದಡದಲ್ಲಿ ನಿಂತಿದ್ದರು? ಹಗೆ ಅಷ್ಟು ಹಳೆಯದಾದರೆ ಇಷ್ಟು ದಿನ ಏಕೆ ಸುಮ್ಮನಿದ್ದಿತು, ಇಂದೇ ಏಕೆ ಎದ್ದಿತು? ಎರಡು ಗುಂಪುಗ���ಲ್ಲಿ ನಿಜವಾಗಿ ಯಾರು ಯಾರು ಇದ್ದರು? ಜಗಳ ಮುಗಿದ ಮೇಲೆ ಜಮೀನು ಯಾರ ಪಾಲಾಯಿತು? ಯಾರ ಮಾತು ಎಲ್ಲಿಯೂ ದಾಖಲಾಗಲಿಲ್ಲ? ಟಗ್ ಕಣಿವೆಯ ವಿಷಯದಲ್ಲಿ ಈ ಪ್ರಶ್ನೆಗಳನ್ನು ಕೇಳಲು ನೂರು ವರ್ಷಗಳು ಹಿಡಿದುವು. ಉತ್ತರಗಳು ಮಾತ್ರ ಅಷ್ಟು ಕಾಲವೂ ಜಿಲ್ಲಾ ಕಚೇರಿಯ ಕಾಗದಗಳಲ್ಲಿಯೇ ಇದ್ದುವು.